ಎರಡು ಹಾಜರಿ

ಸೋಮವಾರ, ಗುರುವಾರ ಬ್ಯಾಡಗಿಗೆ ಪ್ಯಾಟಿ.
ನಸುಕಿನ್ಯಾಗ ಲಾರಿ ಹಗ್ಗ ಬಿಚ್ಚಿದರ
ಊರಿಗೆ ಊರ ಸೀನತೈತಿ,
ಠಾಣೆ ಮುಂದಿನ ನಾಯಿ ಸುದ್ದಾ.

ಆರರಿಂದ ಹತ್ತೂವರಿ ತನಕ ನಾ
ಮರಿಗೌಡರ ದಲಾಲಿ ಅಂಗಡ್ಯಾಗ ಲಾಟಿನ ಚೀಟಿ ಬರಿಯಾಕಿ.
ಎಷ್ಟು ಚೀಲ, ಯಾವೂರು, ಡಬ್ಬಿಯೋ ಕಡ್ಡಿಯೋ.
ಚೀಟಿ ಮುಗದರ ತುಂಬು ಬಿಡಿಸೋರ ಸಾಲಿನ್ಯಾಗ ಕೂಡೂದು,
ಕಿಲೋಕ್ಕ ಇಷ್ಟು ಅಂತ.
ಮಗ್ಗಲದಾಗ ಮಾಬುಬಿ. ಆಕಿ ಕೈ ನನ್ನ ಎರಡರಷ್ಟು ಜೋರು.
"ಬಿಕಾಂ ಬೆರಳು ಇವು,
ಲೆಕ್ಕಾ ಮಾಡ್ತಾವ, ಬಿಡಸೂದಿಲ್ಲ" ಅಂತ ನಗತಾಳ,
ನಕ್ಕೋತನ ನನ್ನ ಬುಟ್ಟಿಗೆ ತನ್ನದೊಂದು ಹಿಡಿ ಹಾಕತಾಳ.

ಆಮೇಲೆ ನಳದ ಕೆಳಗ ಕೈ.
ಸಾಬೂನು, ಹುಣಸಿಹಣ್ಣು, ಕೊಬ್ರಿಎಣ್ಣಿ, ಹುಳಿ ಮಜ್ಜಿಗಿ,
ಎಲ್ಲಾ ಮಾಡಿ ನೋಡೀನಿ.
ಉರಿ ಅನ್ನೂದು ಚರ್ಮದ ಮ್ಯಾಲ ಇರೂದಿಲ್ಲ,
ಉಗುರಿನ ಹಿಂದ ಬಾಡಿಗಿ ಮನಿ ಹಿಡದಿರತೈತಿ.

ಕಾಲೇಜಿನ್ಯಾಗ ಮೂರನೇ ಬೆಂಚು.
ನಾ ಒಳಗ ಬಂದಕೂಡಲೆ ಮುಂದಿನ ವಿಂಧ್ಯಾ ಸೀನತಾಳ.
"ಬಂತು ನೋಡಲೇ ಒಗ್ಗರಣಿ" ಅಂತಾನ ಹಿಂದಿನಿಂದ ಯಾವನೋ.
ಮೊದಮೊದಲು ಅಳು ಬರತಿತ್ತು.
ಆದರ ಅಳೂ ಹಾಂಗಿಲ್ಲ ನೋಡ್ರಿ,
ಕಣ್ಣು ಒರಸಾಕ ಕೈ ಬೇಕಲ್ಲ.

ಅರ್ಥಶಾಸ್ತ್ರ ಮಂಗಳವಾರ ಹನ್ನೊಂದಕ್ಕ,
ಗುರುವಾರ ಒಂಬತ್ತೂವರಿಗೆ.
ಹಿತ್ತಲಮನಿ ಮೇಡಂ ನಲವತ್ತೊಂದು ಅಂತ ಕರಿಯೋ ಹೊತ್ತಿಗೆ
ನಲವತ್ತೊಂದು ಅನ್ನಾಕಿ
ಮೋಟೆಬೆನ್ನೂರಿನವರೊಬ್ಬರ ಅಡ್ಡಹೆಸರಿಗೆ
ಳ ಬರತೈತೋ ಲ ಬರತೈತೋ ಅಂತ ಕೇಳಕೋತ ನಿಂತಿರತಾಳ.
ಬೇಡಿಕಿ ಗೆರಿ, ಪೂರೈಕಿ ಗೆರಿ, ಕೂಡೋ ಜಾಗಕ್ಕ ಬೆಲಿ.
ಇದನ್ನ ವಿಂಧ್ಯಾನ ನೋಟ್ಸಿನ್ಯಾಗ ಓದಿದೆ.
ಗೆರಿ ಕೂಡಿದ್ದು ನಾ ಕಂಡಿಲ್ಲ.
ಸೂಟಿ ದಿನ ಟೆಂಡರ್ ಬಿಟ್ಟಾಗ
ಚೀಟಿ ಮ್ಯಾಲಿನ ಅಂಕಿ ಎರಡು ಸಲ ಓದಿಸಿಕೊಂಡು
ಸುಮ್ಮನ ಚಾ ಕುಡಿಯಾಕ ಹೋದವರನ್ನ ಕಂಡೀನಿ.

ಮಾರ್ಚಿನ್ಯಾಗ ಒಂದು ಶನಿವಾರ ಸಂಜೀಕ
ಮೇಡಂ ಕೈಚೀಲ ಹಿಡಕೊಂಡು ಅಂಗಡಿಗೆ ಬಂದರು,
ವರ್ಷದ ಖಾರಪುಡಿಗೆ ಐದು ಕಿಲೋ.
ಮಾಲಕರು ಇರಲಿಲ್ಲ. ಗಾದಿ ಮ್ಯಾಲ ನಾ.
ಇಬ್ಬರೂ ಒಂದಿಷ್ಟು ಹೊತ್ತು ತಕ್ಕಡಿ ನೋಡಿದಿವಿ.
"ಯಾವದು ತಗೊಳ್ಳಲಿ?"
ಈ ದನಿ ನಾ ಕ್ಲಾಸಿನ್ಯಾಗ ಕೇಳಿರಲಿಲ್ಲ.
"ಬಣ್ಣಕ್ಕ ಕಡ್ಡಿ ಮೂರು ಕಿಲೋ, ಖಾರಕ್ಕ ಗುಂಟೂರು ಎರಡು.
ನಮ್ಮೂರ ಕಾಯಿಗೆ ಕೆಂಪು ಜಾಸ್ತಿ ರಿ, ಸಿಟ್ಟು ಕಮ್ಮಿ."
ನಕ್ಕರು. ಕಾಗದದ ಮ್ಯಾಲ ಬರಕೊಂಡರು,
ನಾ ಹೇಳಿದ್ದನ್ನ, ಅವರು.

ಬಿಲ್ ಪುಸ್ತಕ ಎಳಿಯೋವಾಗ ಅದರ ಬುಡದಿಂದ
ಕೂಲಿಯವರ ಹಾಜರಿ ಜಾರಿ ಬಿಚ್ಚಕೊಂತು.
ಅದ ಉದ್ದನ ರಟ್ಟು, ಅದ ಕೆಂಪು ಗೆರಿ.
ಏಳನೇ ಹೆಸರು ನೀಲಗಂಗಾ ಶಿ. ಬಣಕಾರ.
ಅವರ ಬೆರಳು ಗುರುವಾರದ ಮನಿ ಹಿಡದು ಕೆಳಗ ಇಳೀತು.
ಒಂದೂ ಖಾಲಿ ಇರಲಿಲ್ಲ.
ಏನೂ ಅನ್ನಲಿಲ್ಲ.
ಚಿಲ್ಲರ ಎಣಿಸಿಕೊಂಡರು, ಮತ್ತೊಮ್ಮೆ ಎಣಿಸಿಕೊಂಡರು, ಹೋದರು.

ಆ ರಾತ್ರಿ ನಾ ಏನೇನೋ ಅಂದುಕೊಂಡೆ.
ಹುಚ್ಚಿ.

ಸೋಮವಾರ ಬೋರ್ಡಿನ ಮ್ಯಾಲ ಹಾಜರಿ ಕಮ್ಮಿ ಇದ್ದವರ ಪಟ್ಟಿ.
ನಲವತ್ತೊಂದು ಇತ್ತು, ಕೆಳಗ ಮೇಡಂ ಸಹಿ.
ದಂಡ ಎಷ್ಟಂದರ ನಾಕು ದಿನದ ತುಂಬು.
ಮಾಬುಬಿಗೆ ಹೇಳಿದೆ.
"ಆಕಿನೂ ಪಗಾರದಾಕಿ ಅಲ್ಲೇನ" ಅಂದಳು,
ಕೈ ನಿಲ್ಲಸಲಿಲ್ಲ.

ಮಂಗಳವಾರ ಹನ್ನೊಂದಕ್ಕ
ಮೇಡಂ ಹಲಗಿ ಮ್ಯಾಲ ಎರಡು ಗೆರಿ ಎಳದರು.
ಕೂಡೋ ಜಾಗಕ್ಕ ಚುಕ್ಕಿ ಇಡೋವಾಗ
ಸೀನಿದರು.
ಒಂದಲ್ಲ, ನಾಕು.
ಕ್ಲಾಸಿಗೆ ಕ್ಲಾಸ ನಕ್ಕಿತು, ವಿಂಧ್ಯಾ ತಿರುಗಿ ನನ್ನ ಕಡೆ ನೋಡಿದಳು.
ಮೇಡಂ ಕಣ್ಣು ಒರಸಾಕ ಕೈ ಎತ್ತಿದರು,
ಏನೋ ನೆನಪಾದಾಂಗ ತಡದು
ಬೆರಳು ದೂರ ಹಿಡಕೊಂಡು
ಮೊಣಕೈಲೆ ಒರಸಿಕೊಂಡರು.