ನಲವತ್ತರ ಮ್ಯಾಲ ಹೋಗೂದಿಲ್ಲ

ಶನಿವಾರ ಮಧ್ಯಾಹ್ನ ಕಡೇ ಹುಡುಗನ್ನ ಮಗರಪಟ್ಟಾದಾಗ ಇಳಿಸಿ ಬಂದು
ಇಂವಾ ಒಳಗ ಬರಲಾರದ ಬಾಗಲದಾಗ ನಿಂತ.
ಗಾಡಿ ಬಂದ್ ಮಾಡಿದ್ದಿಲ್ಲ.
"ನಡೀರಿ" ಅಂದ.
ಎಲ್ಲಿಗಿ ಅಂತ ಕೇಳಿದರ ಗದ್ದ ಎತ್ತಿ ಪಡುವಲ ಕಡಿ ತೋರಿಸಿದ,
ಅಲ್ಲಿ ಬರೇ ಎದುರು ಬಿಲ್ಡಿಂಗಿನ ನೀರಿನ ಟಾಕಿ ಇತ್ತು.

ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕಿದೆ.
ಎರಡು ಸೊಸೈಟಿ ಭಾಂಡೆ ತಿಕ್ಕಿ ಬಂದು
ಆಗಷ್ಟ ಕಾಲು ಚಾಚಿದ್ದಳು ಅತ್ತಿ ಗುರುಬಾಯಿ.
"ಸತ್ತವರು ಯಾರು?" ಅಂದಳು.
ಯಾರೂ ಇಲ್ಲವ್ವ.
"ಮತ್ತ ಲಗ್ನ ಯಾರದು?"
ಯಾರದೂ ಅಲ್ಲ.
ಸಾವಿಲ್ಲದ, ಲಗ್ನ ಇಲ್ಲದ ಗಾಡಿ ಹತ್ತೂದು
ಆಕಿಗಿ ಅರವತ್ತೆಂಟು ವರ್ಷದಾಗ ಇದ ಮೊದಲು.

ಹದಿಮೂರು ಸೀಟು. ಒಂದೊಂದಕ್ಕ ತಿಂಗಳಿಗಿ ಎರಡು ಸಾವಿರ.
ನಮ್ಮ ಪ್ರತೀಕ ದಿನಾ ಕೂಡೂದು ಪಾನಾ ಪೆಟಗಿ ಮ್ಯಾಲ.
ಇವತ್ತ ಬೇಕಾದಲ್ಲಿ ಕೂಡೋ ಅಂದರ
ಎಲ್ಲಾದರ ಮ್ಯಾಲೂ ಒಮ್ಮೊಮ್ಮೆ ಕುಂತು ಎದ್ದ.
ಇದು ಅರ್ಣವಂದು, ಇದು ಇರಾ ಜೋಗಳೇಕರದು,
ಇಲ್ಲಿ ವಾಂತಿ ಮಾಡೂ ಹುಡುಗಿ...
ಕಡಿಗಿ ಪೆಟಗಿಗೇ ಬಂದ.
ಸಾನಿಕಾ ಮಾತ್ರ ಕಿಡಕಿ ಬಾಜೂಕ ಕಾಲು ಚಾಚಿ ಮಲಗಿದಳು,
ರೊಕ್ಕಾ ಕೊಟ್ಟವರಂಗ.

ಕಾತ್ರಜ ಬೋಗದಾ ದಾಟಿದ ಮ್ಯಾಲ
ಎಲ್ಲಾರೂ ನಮ್ಮನ್ನ ಹಿಂದ ಹಾಕಿದರು,
ಕಾರು, ಬೈಕು, ಹಾಲಿನ ಟೆಂಪೋ.
ಸಾಲಿ ಗಾಡಿಗಿ ಸರಕಾರದವರು ಒಂದು ಯಂತ್ರ ಕೂಡಿಸ್ಯಾರ,
ನಲವತ್ತರ ಮ್ಯಾಲ ಹೋಗೂದಿಲ್ಲ.
ತುಳದು ತುಳದು ಇಂವಾ ನಕ್ಕ.
ನನಗ ಬರೂ ತಿಂಗಳ ನಲವತ್ತು ತುಂಬತಾವು.
ಅದಕ್ಕ ಹೊಂಟೀವೇನೋ ಅಂತ ಒಂದು ಗಳಿಗಿ ಅನಿಸ್ತು.
ಇಲ್ಲ ಬಿಡು. ನನ್ನ ಹುಟ್ಟಿದ ದಿನ ಇವಗೆಲ್ಲಿ ಗೊತ್ತು,
ನನಗಾದರೂ ಆಧಾರ್ ಕಾರ್ಡ್ ಹೇಳಿದಷ್ಟ.

ಭೋರ ಹಿಂದ ಬಿತ್ತು. ಧರಣದ ನೀರು ಬಾಜೂಕ ಬಂತು,
ಭಾಳ ದೂರ ಜೋಡೀಲೇ ಬಂತು,
ಆಮ್ಯಾಲ ಗುಡ್ಡ. ಗುಡ್ಡದ ಹಿಂದ ಮತ್ತ ಗುಡ್ಡ.
ಇಂಡಿ ಕಡಿ ಬಯಲಾಗ ಹುಟ್ಟಿದ ಅತ್ತಿ
ಮೂಗಿನ ಮ್ಯಾಲ ಬಟ್ಟಿಟ್ಟು ನೋಡೇ ನೋಡಿದಳು:
"ಇಷ್ಟು ಕಲ್ಲು ಯಾರ ಹೊಲದಾಗಿಂದ ಆರಿಸಿ ಹಾಕ್ಯಾರ?"
ಯಾರೂ ನಗಲಿಲ್ಲ.
ಎಲ್ಲೋ ಒಂದು ಛಲೋ ಹೊಲ ಇರಬೇಕು ಅಂತ
ನನಗೂ ಅನಿಸ್ತು.

ವರಂಧಾ ಘಾಟ ಪೂರಾ ಏರಲಿಲ್ಲ ನಾವು.
ಗ್ಯಾಸಿನ ಮುಳ್ಳು ಕೆಂಪಿಗಿ ಬಂದಿತ್ತು.
ಕಡೇ ತಿರುವಿನ ಹಿಂದಿನ ತಿರುವಿನ್ಯಾಗ ನಿಲ್ಲಿಸಿ
ಚಕ್ರಕ್ಕ ಕಲ್ಲು ಕೊಟ್ಟ.
"ಅದೊಂದು ದಾಟಿದರ ಕೊಂಕಣ ಕಾಣತದಂತ."
ನಡದು ಹೋಗಬಹುದಿತ್ತು.
ಅತ್ತಿ ಮೊಣಕಾಲು, ಮುಳುಗೂ ಹೊತ್ತು. ಹೋಗಲಿಲ್ಲ.

ರೊಟ್ಟಿ ಬಿಚ್ಚಿದಿವಿ. ಗಾಳಿ ಶೇಂಗಾ ಹಿಂಡಿ ಹಾರಿಸಿ
ಪ್ರತೀಕನ ಕಣ್ಣಿಗಿ ಹಾಕಿತು. ಚೀರಿದ.
ಎದುರು ಗುಡ್ಡಕ್ಕ ಬಡದು ಚೀರಾಟ ತಿರುಗಿ ಬಂತು.
ಅಳೂದು ಮರತ. ಕಣ್ಣು ತಿಕ್ಕಿಕೋತ ಎದ್ದು
ತನ್ನ ಗಾಡಿ ಹುಡುಗರದು ಹಾಜರಿ ತಗೊಂಡ:
ಅರ್ಣವ! ಇರಾ!
ವಾಂತಿ ಮಾಡೂ ಹುಡುಗಿದೂ ಹೆಸರಿತ್ತು, ಸ್ವರಾಲಿ!
ಹದಿಮೂರೂ ಹೆಸರು ಗುಡ್ಡ ಒಪ್ಪಿಕೊಂಡಿತು.
ತನ್ನದು ಕೂಗಲಿಲ್ಲ ಅಂವ, ನೆನಪಾಗಲಿಲ್ಲೋ ಏನೋ.

ಬೀಡಿ ಚೆಲ್ಲಿ ಎದ್ದು
ಇಂವಾ ಕೂಗಿದ,
ನಾ ಎಂದೂ ಕೇಳಲಾರದ ದನೀಲೇ.

ಸೋಮವಾರ ಮುಂಜಾನೆ ಐದಕ್ಕ ಗಾಡಿ ಕಸಾ ಹೊಡದೆ.
ಹಿಂಡಿ, ಒಣಗಿದ ಸೋನಕಿ ಹೂವು, ಸಾನಿಕಾನ ಒಂದು ಕ್ಲಿಪ್ಪು.
ಚಕ್ರಕ್ಕ ಕೊಟ್ಟಿದ್ದ ಕಲ್ಲು ಅಲ್ಲೆ ಬಿಟ್ಟು ಬಂದೀವಿ ಅಂದಿದ್ದೆ.
ಇಲ್ಲ. ಉಡ್ಯಾಗ ಕಟಗೊಂಡು ತಂದಾಳ ಅತ್ತಿ,
ಹೆಗ್ಗಣ ಬರಬಾರದಂತ
ಬಚ್ಚಲ ತೂತಿಗಿ ಇಟ್ಟಾಳ.
ನೀರು ಹೋಗತದ.