ಗಣಿಯಲ್ಲಿ ದುಡಿದ ಕಾರ್ಡು

ನನ್ನ ಲೆಕ್ಕದ ಪುಸ್ತಕದ ಮುಂದುಗಡೆ
ಹಿಟ್ಟು, ಉಪ್ಪು, ಗ್ಯಾಸು.
ಹಿಂದುಗಡೆಯಿಂದ ತೇಕ್ಲೆ ಶುರುಮಾಡಿದ್ದಾಳೆ:
ಪ್ರೊಸೆಸರ್ ಇನ್ನೂರ ಅರವತ್ತು, ಬೋರ್ಡು ನೂರ ಎಂಬತ್ತು,
ಮೆಮೊರಿ ತೊಂಬತ್ತು, ಡಿಸ್ಕು ನೂರ ಹತ್ತು.
ಒಟ್ಟು ಸಾವಿರದ ಇನ್ನೂರು ಲಾರಿ, ಮೀರುವಂತಿಲ್ಲ
ಎಂದು ಹಾಳೆ ಹರಿಯುವಷ್ಟು ಒತ್ತಿ ಎರಡು ಗೆರೆ.

ತಂಗಿಯ ಮಗಳು. ಹದಿನಾರು.
ಬೇಸಿಗೆಯೆಲ್ಲ ನನ್ನ ಒಲೆಯ ಬಾಯಲ್ಲಿ ನಿಂತು
ಬ್ರೆಡ್ಡು ಎಣಿಸಿಕೊಟ್ಟು ಕೂಡಿಟ್ಟ ದುಡ್ಡು.
ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ;
ಒಂದು ವಾರ ಆ ಹೊದಿಕೆಯನ್ನೇ ಎಳೆದಾಡಿದಳು.

ತ್ಬಿಲಿಸಿಯ ರೈಲು ನಿಲ್ದಾಣದ ಪಕ್ಕ, ನೆಲಮಾಳಿಗೆ, ಜಾಬಾನ ಅಂಗಡಿ.
ಏಳು ಬಣ್ಣ ಮಿನುಗುವ ಗಾಜಿನ ಪೆಟ್ಟಿಗೆ ತೋರಿಸಿದ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ, ಎಂದೆ.
ತೇಕ್ಲೆ ಆಗಲೇ ಮುಂದೆ ಹೋಗಿದ್ದಳು.
ಕರೆಂಟಿನ ಡಬ್ಬಿ: ಹೆಸರಿಲ್ಲದ್ದು ಐವತ್ತಕ್ಕೆ.
ಕೈಯಲ್ಲಿ ತೂಗಿ ನೋಡಿದೆ.
ಹಗುರಾದ ಹಿಟ್ಟು ಉಬ್ಬಿದೆ ಅಂತ ಅರ್ಥ,
ಹಗುರಾದ ಕಬ್ಬಿಣ ಪೊಳ್ಳು ಅಂತ.
“ಇದು ಸತ್ತರೆ ಒಂಟಿಯಾಗಿ ಸಾಯಲ್ಲ ಮಾವ,
ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತೆ”
ಎಂದು ನೂರ ನಲವತ್ತರದ್ದು ಎತ್ತಿಟ್ಟುಕೊಂಡಳು.
ಅಲ್ಲಿಗೆ ಪೆಟ್ಟಿಗೆಯ ದುಡ್ಡು ಮುಗಿಯಿತು.

ಉಳಿದದ್ದು ಕಾರ್ಡು.
ಜಾಬಾ ಕಪಾಟಿನ ಕೆಳಗಿಂದ ಒಂದನ್ನು ತೆಗೆದು
ಅಂಗಿಯ ತೋಳಲ್ಲಿ ಒರೆಸಿದ.
“ಸುಳ್ಳು ಹೇಳಲ್ಲ. ಗಣಿಯಲ್ಲಿ ದುಡಿದದ್ದು.
ಎರಡು ವರ್ಷ, ಹಗಲೂ ರಾತ್ರಿ.”

ನನ್ನ ಅಪ್ಪ ಚಿಯಾತುರಾದವನು.
ಮ್ಯಾಂಗನೀಸ್ ಅಗೆದವನು.
ಆ ಮಾತು ಕೇಳಿ ನನಗರಿವಿಲ್ಲದೆ ಟೋಪಿ ತೆಗೆದೆ.
ತೇಕ್ಲೆಗೆ ನಗು: “ಆ ಗಣಿ ಅಲ್ಲ ಮಾವ!
ಯಾರದೋ ಗ್ಯಾರೇಜಿನಲ್ಲಿ ಸಾಲಾಗಿ ಜೋಡಿಸಿ
ಲೆಕ್ಕ ಮಾಡಿಸೋದು. ಲೆಕ್ಕದಿಂದ ನಾಣ್ಯ.”
“ನಾಣ್ಯ ಸಿಕ್ಕಿತೇ?”
“ಕಾರ್ಡಿಗಂತೂ ಸಿಗಲಿಲ್ಲ,” ಎಂದ ಜಾಬಾ.

ತಂತಿ ಸಿಕ್ಕಿಸಿ ತೋರಿಸಿದ. ಕಿವಿ ಹತ್ತಿರ ಒಯ್ದೆ.
ಒಂದು ಫ್ಯಾನು ಸುಮ್ಮನೆ ತಿರುಗಿತು.
ಇನ್ನೊಂದು
ಗೊರ್, ಗೊರ್, ನಿಂತು, ಮತ್ತೆ ಗೊರ್.
ಆ ಸದ್ದು ನನಗೆ ಗೊತ್ತು.
ನಮ್ಮ ನಿದ್ದೆ ಕೆಡಬಾರದೆಂದು
ಕಿಟಕಿಯ ಬಳಿ ಕೂತು, ಟವೆಲಿನೊಳಗೆ
ಅಪ್ಪ ಅಡಗಿಸುತ್ತಿದ್ದದ್ದು.

“ಒಂದು ಹನಿ ಎಣ್ಣೆ ಸಾಕು,” ಎಂದಳು ತೇಕ್ಲೆ,
“ಒಳಗೆ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚುತ್ತೇನೆ.”
ವೈದ್ಯರು ಅಷ್ಟು ಧೈರ್ಯವಾಗಿ ಮಾತಾಡಿರಲಿಲ್ಲ.

ಜಾಬಾ ನಾನೂರ ಅರವತ್ತರಿಂದ ನಾನೂರ ನಲವತ್ತಕ್ಕೆ ಇಳಿದು
ಎಮ್ಮೆಯ ಹಾಗೆ ನಿಂತುಬಿಟ್ಟ.
ನಮ್ಮಲ್ಲಿ ನಾನೂರ ಇಪ್ಪತ್ತು.
ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು,
ಕೆಳಗಿಂದ ಮೇಲೆ ಓದಿದಳು.
ಎರಡು ಗೆರೆಯ ಮೇಲೆ ಬೆರಳಿಟ್ಟು ನಿಂತಳು.
ನಾನೆಂದೆ: ಒಂದು ವಾರ, ದಿನಕ್ಕೆರಡು ಬ್ರೆಡ್ಡು.
“ಬಿಸಿ ಇರಬೇಕು,” ಎಂದ. ಕೈ ಕುಲುಕಿದೆವು.
ಬಸ್ಸಿಗೆ ಚಿಲ್ಲರೆ ಇರಲಿಲ್ಲ, ನಡೆದೇ ಬಂದೆವು,
ಕಾರ್ಡು ಅವಳ ಕೋಟಿನೊಳಗೆ, ಬೆಕ್ಕಿನ ಮರಿಯಂತೆ.

ಪೆಟ್ಟಿಗೆಯಾಗಿದ್ದು ಬ್ರೆಡ್ಡು ಸಾಗಿಸುವ ಹಳೆಯ ಮರದ ತೊಟ್ಟಿ.
ಹಿಟ್ಟಿನ ಪುಡಿ ಇರಬಾರದೆಂದು ಮೂರು ಸಲ ಒರೆಸಿದಳು;
ನಾನು ತೊಳೆದ ಕೈಯನ್ನೂ ಮತ್ತೆ ತೊಳೆಸಿದಳು.
ಮಧ್ಯರಾತ್ರಿ ದಾಟಿ ಅಜ್ಜಿಯ ಟೀವಿಯಲ್ಲಿ
ಒಂದು ಬೆಟ್ಟ ಬಂತು, ಹಿಮ ಬಂತು, ಕುದುರೆ ಬಂತು,
ಮೂರೂ ಮುಗ್ಗರಿಸಿದವು.
ಅವಳು ನೆರಳು ತೆಗೆದಳು. ನೀರಿನ ಹೊಳಪು ತೆಗೆದಳು.
ದೂರದ ಮರಗಳನ್ನು ಕಡಿದಳು.
ಕುದುರೆ ಓಡಿತು.
ನೆರಳಿಲ್ಲದ ಕುದುರೆ, ಆದರೂ ಏನು ಓಟ!

ತೊಟ್ಟಿಯ ಹಿಂದೆ ಕೈ ಹಿಡಿದೆ.
ಮೂವತ್ತು ವರ್ಷದಿಂದ ಬಿಸಿಯೇ ನನ್ನ ಕಸುಬು.
ಇದು ಸುಡುವ ಬಿಸಿಯಲ್ಲ,
ಹಿಟ್ಟು ಹುದುಗುವ ಬಿಸಿ.
ಗೊರ್ ಎಂದಿತು, ಎಣ್ಣೆ ಇನ್ನೂ ಒಳಗಿಳಿದಿಲ್ಲ.

ಒಲೆ ಹಚ್ಚಲು ನಾಲ್ಕಕ್ಕೆ ಎದ್ದಾಗ
ಅವಳು ಕೀಬೋರ್ಡಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು.
ಕಾರ್ಡು ಎಚ್ಚರವಿತ್ತು.
ಹೊರಗೆ ಚಳಿ. ಆದರೂ ಅದರ ಪಕ್ಕದ ಕಿಟಕಿಯನ್ನು
ಒಂದು ಬೆರಳಷ್ಟು ತೆರೆದಿಟ್ಟು ಹೋದೆ.