ಮೂವತ್ತೊಂದು ಯೂನಿಟ್

ಮೊದಲ ದಿನ ತೀರ್ಥೇಶ ಕೇಳಿದ: "ತಿಂಡಿ ಆಯ್ತಾ?"
ನಾನು ಒಂದು ಹೆಜ್ಜೆ ಹಿಂದೆ ಸರಿದೆ.
ನಮ್ಮ ಔರಾದ್ ಕಡೆ ತಿಂಡಿ ಎಂದರೆ ತುರಿಕೆ,
ಜಗಳ ಕಾಯುವವನ ಮೈಯಲ್ಲಿ ಏಳುವಂಥದ್ದು.
"ಇಲ್ರಿ, ನನಗ್ಯಾಕ ತಿಂಡಿ" ಎಂದೆ.
ಪಾಪ, ಹಸಿದಿದ್ದಾನೆಂದು ತಿಳಿದು ಅವನು
ದುರ್ಗಿಗುಡಿಯ ಮೂಲೆಯಲ್ಲಿ ಎರಡು ಪ್ಲೇಟ್ ಪಡ್ಡು ಕೊಡಿಸಿದ.
ತಿಂದೆ. ಜಗಳ ಅಲ್ಲಿಗೆ ಮುಗಿಯಿತು.

ಆಮೇಲೆ ಶಿವಮೊಗ್ಗವನ್ನು ಕೊಟ್ಟರು ನನಗೆ:
ಒಂದು ಯಂತ್ರ, ಒಂದು ಪಟ್ಟಿ, ಆರುನೂರು ಬಾಗಿಲು.
ಊರೆಂದರೆ ನನಗೆ ಗೋಡೆಗೆ ಬಡಿದ ಗಾಜಿನ ಡಬ್ಬಿಗಳು,
ಒಳಗೆ ಹಲ್ಲಿಮೊಟ್ಟೆ, ಮೇಲೆ ಕಡಜದ ಗೂಡು,
ನಡುವೆ ಮಿಣುಕುವ ಕೆಂಪು ಚುಕ್ಕಿ:
ಯಾರೋ ಮಿಕ್ಸಿ ತಿರುವುತ್ತಿದ್ದಾರೆ ಎಂದು
ಗೋಡೆ ನನಗೊಬ್ಬನಿಗೇ ಹೇಳುವ ಚಾಡಿ.

ವಿನೋಬನಗರದ ಅಡ್ಡರಸ್ತೆಗಳೆಲ್ಲ ಅವಳಿಜವಳಿ.
ಒಂದೇ ಗೇಟನ್ನು ಎರಡು ಸಲ ತಟ್ಟಿ
"ಈಗ ತಾನೇ ಬಂದಿದ್ರಲ್ಲ ಮಾರಾಯ್ರೆ" ಅನ್ನಿಸಿಕೊಂಡೆ.
ಕಮಿಷನರ್ ಎಂಬ ಹೆಸರಿನ ನಾಯಿ
ನನ್ನ ಪ್ಯಾಂಟಿನ ಅಂಚಿಗೆ ಸಹಿ ಹಾಕಿತು.
ಬಿಲ್ಲು ಸೊನ್ನೆ ಬಂದರೂ ಜನ ಚಾಳೀಸು ಹುಡುಕಿ ತಂದು
ಸೊನ್ನೆಯನ್ನು ಓದಿ, ತಿರುಗಿಸಿ ಓದಿ,
ಕೊನೆಗೆ ನನ್ನ ಮಾತನ್ನು ಹಿಡಿಯುತ್ತಿದ್ದರು:
"ನಿಮ್ದು ಯಾವ ಕಡೆ?"
"ಬೀದರ್ ಕಡೆ ರೀ."
"ಓಹ್, ಅಲ್ಲಿ ಬಿಸಿಲು ಭಾರಿ ಅಲ್ವಾ."
ಬಿಸಿಲಿಗೆಲ್ಲ ನಾನೇ ಜವಾಬ್ದಾರ ಎಂಬಂತೆ ತಲೆಯಾಡಿಸುತ್ತಿದ್ದೆ.
ಪುಷ್ಯದಲ್ಲಿ ನಮ್ಮಲ್ಲಿ ಹಲ್ಲು ಕಟಕಟಿಸುವ ಚಳಿಯನ್ನು ಹೇಳಲು
ಗೇಟಿನ ಬಳಿ ಹೊತ್ತು ಸಾಲದು.

ಇಲ್ಲಿ ನದಿಯ ಹೆಸರನ್ನು ಯಾರೂ ಎತ್ತುವುದಿಲ್ಲ,
ಗಂಡನ ಹೆಸರು ಹೇಳದ ಹಳೇ ಹೆಂಗಸರ ಹಾಗೆ.
ಹೊಳೆ ಅನ್ನುತ್ತಾರೆ, ಅಷ್ಟೇ.
ಬಸ್ಸು ನಿಲ್ಲುವ ಜಾಗಕ್ಕೂ ಹೊಳೆಯೆಂದೇ ಹೆಸರು.
ಸಂಜೆ ಅಲ್ಲಿ ಹೋಗಿ ನಿಂತರೆ
ನೀರು ನನ್ನೆದುರೇ ಹೋಗುತ್ತಲೇ ಇರುತ್ತಿತ್ತು.
ನಮ್ಮ ಮಾಂಜ್ರಾ ಬೇಸಿಗೆಗಾದರೂ ನಿಂತು
ನಾಲ್ಕು ಮಾತಾಡಿಸುತ್ತಿತ್ತು.

ಆ ತಿಂಗಳು ನನ್ನ ಕೋಣೆಯ ಮೀಟರನ್ನೂ ನಾನೇ ಓದಿದೆ.
ಗ್ರೇಸಿ ಮಿನೇಜಸ್ ಅವರ ಮನೆಯ ಹಿಂಬದಿ, ಪಪ್ಪಾಯಿ ಗಿಡದ ಎದುರು:
ನಾಲ್ಕು ಯೂನಿಟ್.
ಯಂತ್ರ ನಂಬಲಿಲ್ಲ, ಮತ್ತೊಮ್ಮೆ ಒತ್ತು ಎಂದಿತು.
ಒತ್ತಿದೆ. ನಾಲ್ಕು.
ಕನ್ನಡಿಗೆ ಮುಖ ತೋರಿಸುವಷ್ಟು ಹೊತ್ತು ಒಂದು ಬಲ್ಬು,
ಮೊಬೈಲು ಕುಡಿದ ಚೂರುಪಾರು ಕರೆಂಟು.
ಬೀಗ ಹಾಕಿದ ಮನೆಗಳೂ ಅದಕ್ಕಿಂತ ಹೆಚ್ಚು ಬದುಕುತ್ತವೆ,
ಫ್ರಿಜ್ಜಾದರೂ ಗೊಣಗುತ್ತಿರುತ್ತದೆ ಅಲ್ಲಿ.

ಯಾವಾಗ ಏನು ಬದಲಾಯಿತೋ ಪಟ್ಟಿಯಲ್ಲಿ ಬರೆದಿಲ್ಲ.
ಕಲ್ಲಿನಿಂದ ಇರಬಹುದು:
ಗಾಡಿಕೊಪ್ಪದ ಅರ್ಧ ಕಟ್ಟಿದ ಕಾಂಪೌಂಡಿನಲ್ಲಿ
ಕೆಂಪಗೆ ತೂತುತೂತಾದ ಕಲ್ಲು ಕಂಡು ಕೈಯಿಟ್ಟೆ.
ನಮ್ಮ ಕೋಟೆಯ ಕಂದಕದ್ದೇ, ಅದೇ ಒರಟು,
ಅಂಗೈಗೆ ಅದೇ ಪುಡಿ.
"ಜಂಬಿಟ್ಟಿಗೆ" ಎಂದ ಗಾರೆಯವ, ಪಾಠ ಹೇಳುವಂತೆ.
ಜಂಬಿಟ್ಟಿಗೆ ಎಂದೆ ನಾನೂ, ಮೊದಲ ಸಲ ಕಂಡವನಂತೆ.
ಗ್ರೇಸಿಯಮ್ಮನ ಹಳೆಯ ಟೇಬಲ್ ಫ್ಯಾನಿನಿಂದಲೂ ಇರಬಹುದು.
"ಸದ್ದು ಮಾಡುತ್ತೆ, ಜೊತೆಗಿರಲಿ" ಎಂದು
ಕೇಳದೆಯೇ ತಂದು ಇಟ್ಟು ಹೋದರು.

ಮೊನ್ನೆ ಜಗದೇವಿ ಅಕ್ಕ ಫೋನಿನಲ್ಲೇ ಗದರಿದಳು:
"ಏನೋ, ಊಟ ಆಯ್ತು ಮಾರಾಯ್ತಿ ಅಂತಿ?
ಯಾರ ಬಾಯಿ ತಗೊಂಡು ಮಾತಾಡ್ಲತ್ತಿ?"
ಕಮಿಷನರ್ ಬಾಯಿ ಎಂದೆ.
ಅರ್ಥವಾಗದೆಯೇ ನಕ್ಕಳು, ಬಹಳ ಹೊತ್ತು.

ಇವತ್ತು ಪಟ್ಟಿಯ ಕೊನೆಯ ಬಾಗಿಲು ನನ್ನದು.
ಮೂವತ್ತೊಂದು.
ಯಂತ್ರ ಏನನ್ನೂ ಕೇಳದೆ ಚೀಟಿ ಉಗುಳಿತು, ಸೊನ್ನೆ ರೂಪಾಯಿ.
ಓದಿದೆ, ತಿರುಗಿಸಿ ಓದಿದೆ.
ಕಿಟಕಿಯೊಳಗೆ ಬಲ್ಬು ಉರಿಯುತ್ತಿತ್ತು,
ಬೆಳಿಗ್ಗೆ ಆರಿಸಲು ಮರೆತದ್ದು.